ಮುಚ್ಚಿದ ಮನೆಗಳು

ಚದುರಂಗದಲ್ಲಿ ಕೆಲವೊಮ್ಮೆ ಎರಡೂ ಕಡೆಯ ಕಾಲಾಳುಗಳು ಮೂತಿಗೆ ಮೂತಿ ಕೊಟ್ಟು ನಿಂತುಬಿಡುತ್ತವೆ. ಆನೆಗೆ ದಾರಿಯಿಲ್ಲ, ಒಂಟೆಗೆ ಓರೆಯಿಲ್ಲ, ಹಾರಬಲ್ಲದ್ದು ಕುದುರೆಯೊಂದೇ. ದೊಡ್ಡಣ್ಣನ ಜೊತೆ ಆಡುವಾಗ ಇಂಥ ಆಟ ಬಂದರೆ ನನಗೆ ಉಸಿರು ಕಟ್ಟುತ್ತಿತ್ತು. ಯಾವುದಾದರೊಂದು ಕಾಲಾಳನ್ನು ನೂಕಿ ಬಾಗಿಲು ತೆರೆಯುತ್ತಿದ್ದೆ. ಆ ಬಾಗಿಲಿನಿಂದ ಅವನ ಆನೆಯೇ ಒಳಗೆ ಬರುತ್ತಿತ್ತು. "ಸ್ವಲ್ಪ ತಡಕೊಳ್ಳೇ" ಎನ್ನುತ್ತಿದ್ದ.

ತಡೆದುಕೊಳ್ಳುವುದನ್ನೂ ಒಂದು ವಿದ್ಯೆಯಾಗಿ ಬರೆದಿಟ್ಟವನು ರಿಗಾದಲ್ಲಿ ಹುಟ್ಟಿದ ಆರನ್ ನಿಮ್ಜೊವಿಚ್. ನಿನ್ನ ಹಂಚಿಕೆಗೆ ಮೊದಲು ಎದುರಾಳಿಯ ಹಂಚಿಕೆಯನ್ನು ತಡೆ ಎಂಬುದು ಅವನ ಬೋಧೆಯ ತಿರುಳು. 1926ರಲ್ಲಿ ಡ್ರೆಸ್ಡೆನ್ನಿನಲ್ಲಿ ಯೋನರ್ ವಿರುದ್ಧ ಆಡುವಾಗ ಅವನು ರಾಣಿಯನ್ನು ಸುತ್ತುಬಳಸಿ ಒಯ್ದು ಮೂಲೆಯ ಪಕ್ಕದ ಮನೆಯಲ್ಲಿ, ತನ್ನದೇ ಕಾಲಾಳಿನ ಬೆನ್ನಿಗೆ ಕೂಡಿಸಿದ. ನೋಡಿದವರಿಗೆ ರಾಣಿ ಮುನಿಸಿಕೊಂಡು ಹಿತ್ತಲು ಸೇರಿದಂತೆ ಕಾಣಬೇಕು. ಕಡೆಗೆ ಯೋನರನ ರಾಜನ ಮೇಲೆ ದಾಳಿ ಬಂದದ್ದು ಆ ಕಡೆಯಿಂದಲೇ.

ಆದರೆ ನನ್ನನ್ನು ಕಾಡುವುದು ಇನ್ನೊಂದು ಆಟ. 1960, ಹ್ಯಾಂಬರ್ಗ್. ಟಿಗ್ರಾನ್ ಪೆಟ್ರೋಸಿಯನ್ ಆಗಿನ್ನೂ ವಿಶ್ವ ಚಾಂಪಿಯನ್ ಆಗಿರಲಿಲ್ಲ. ಆ ಪಟ್ಟ ಬಂದದ್ದು 1963ರಲ್ಲಿ. ಎದುರಿಗೆ ಜರ್ಮನಿಯ ಉಂಟ್ಸಿಕರ್. ತೆರೆದ ಸಾಲು ಪೆಟ್ರೋಸಿಯನ್ನನ ಆನೆಗಳ ವಶದಲ್ಲಿತ್ತು. ಬೇರೆಯವರಾಗಿದ್ದರೆ ಏರಿ ಹೋಗುತ್ತಿದ್ದರೇನೋ. ಇವನು ತನ್ನ ರಾಜನನ್ನು ಒಂದೊಂದೇ ಮನೆ ನಡೆಸುತ್ತ ಹಲಗೆಯ ಆಚೆ ಬದಿಗೆ ಕರೆದೊಯ್ದ. ಮುಂದೆ ತಾನೇ ಕಾಲಾಳು ನೂಕಿ ತೆರೆಯಲಿದ್ದ ಬದಿಯಲ್ಲಿ ರಾಜ ಇರಬಾರದೆಂದು! ಅಷ್ಟು ಹೊತ್ತೂ ಉಂಟ್ಸಿಕರನ ರಾಜ ಎರಡೇ ಮನೆಗಳ ನಡುವೆ ಹೋಗಿ ಬಂದು ಮಾಡುತ್ತಿದ್ದ. ಆಮೇಲೆ ಪೆಟ್ರೋಸಿಯನ್ ಬಾಗಿಲು ತೆರೆದ, ಗೆದ್ದ.

ಇಬ್ಬರೂ ರಾಜನನ್ನೇ ನಡೆಸುತ್ತಿದ್ದರು, ನೋಡಿ. ದೂರದಿಂದ ಕಂಡರೆ ಇಬ್ಬರೂ ಕಾಯುತ್ತಿದ್ದವರೇ.

ಹಲವು ವರ್ಷಗಳ ಹಿಂದೆ ನನ್ನ ಹತ್ತನೆಯ ತರಗತಿಯಿಂದ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಂತಿತು. ಮದುವೆಯ ಮಾತು ನಡೆದಿದೆಯೆಂದು ಗೆಳತಿಯರು ಪಿಸುಗುಟ್ಟಿದರು. ಅವಳಿಗಿನ್ನೂ ಹದಿನಾರು ತುಂಬಿರಲಿಲ್ಲ. ದುಡುಕಿದರೆ ಅವಳಪ್ಪ ಹಟ ಹಿಡಿದಾರು, ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ನಯವಾಗಿ ಮಾತಾಡೋಣ ಎಂದುಕೊಂಡೆ. ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತ ಹೋದೆ. ನನ್ನದು ತಾಳ್ಮೆಯೆಂದೇ ನಂಬಿದ್ದೆ. ಮೂರನೆಯ ವಾರ ಸಹೋದ್ಯೋಗಿಯೊಬ್ಬರು ಲಗ್ನಪತ್ರಿಕೆ ತಂದು ಮೇಜಿನ ಮೇಲಿಟ್ಟರು. ದಿನ ಕಳೆದುಹೋಗಿತ್ತು.

ಚದುರಂಗದಲ್ಲಿ ನಾನೊಂದು ನಡೆ ಕಾದರೆ ಎದುರಾಳಿಗೂ ಒಂದೇ ನಡೆ. ಅವಳಪ್ಪ ನನ್ನ ಸರದಿಗಾಗಿ ಕಾಯುತ್ತ ಕೂತಿರಲಿಲ್ಲ. ಇನ್ನೊಂದು ಮಾತು: ಪೆಟ್ರೋಸಿಯನ್ ಕಾದದ್ದು ತನ್ನ ರಾಜನನ್ನು ಇಟ್ಟುಕೊಂಡು. ನಾನು ಕಾದದ್ದು ಪರರ ಮಗಳನ್ನು ಇಟ್ಟುಕೊಂಡು. ಉಂಟ್ಸಿಕರನಿಗಾದರೂ ಬೇರೆ ಒಳ್ಳೆಯ ನಡೆ ಸಿಗುವುದು ಕಷ್ಟವಿತ್ತು. ನನಗೆ ಅವರ ಬೀದಿಯವರೆಗೆ ಹತ್ತು ನಿಮಿಷದ ದಾರಿ.

ಈಗ ಯಾವ ಹುಡುಗಿ ನಾಲ್ಕು ದಿನ ಬಾರದಿದ್ದರೂ ಐದನೆಯ ದಿನ ಸಂಜೆ ಅವಳ ಮನೆಗೆ ಹೋಗುತ್ತೇನೆ. ಹೋದ ವರ್ಷ ಹೋದಾಗ ಹುಡುಗಿಗೆ ಬರೀ ಜ್ವರ. "ಇಷ್ಟಕ್ಕೇ ಬಂದ್ರಾ ಮೇಡಂ?" ಎಂದು ಅವಳ ತಾಯಿ ನಕ್ಕು, ಕಾಫಿ ಕೊಟ್ಟು ಕಳಿಸಿದರು.