ನಿರಾಶ್ರಿತರ ಮನೋಘಾತ ಮತ್ತು ಅದರ ಚಿಕಿತ್ಸೆ: ಒಂದು ಮೀಮಾಂಸೆ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1974ರಿಂದ ಟಿಬೆಟ್ ನಿರಾಶ್ರಿತರ ವಸತಿಯಿದೆ. ಅವರು ಅದನ್ನು ಧೋಂಡೆನ್‌ಲಿಂಗ್ ಎನ್ನುತ್ತಾರೆ. ಮುಸುಕಿನ ಜೋಳದ ಬೇಸಾಯ, ಬೆಳೆಗೆ ಆನೆಗಳ ಕಾಟ, ಚಳಿಗಾಲ ಬಂದರೆ ದೂರದ ಊರುಗಳಲ್ಲಿ ಸ್ವೆಟರ್ ವ್ಯಾಪಾರ: ಇದು ಅಲ್ಲಿಯ ಬಾಹ್ಯವೃತ್ತಾಂತ. ಇಂಥ ವಸತಿಗಳಲ್ಲಿ ಮನೋಘಾತದಿಂದ ಪೀಡಿತರಾದವರಿಗೆ ಮನಶ್ಚಿಕಿತ್ಸೆ ವಿಹಿತವೇ ಅಲ್ಲವೇ, ವಿಹಿತವಾದರೆ ಅದರ ವಿಷಯ, ಪ್ರಯೋಜನಗಳು ಯಾವುವು, ಅಧಿಕಾರಿಗಳು ಯಾರು ಎಂಬುದು ಇಲ್ಲಿ ವಿಚಾರ್ಯ.

ಮೊದಲು ನಿರಾಶ್ರಿತನ ಲಕ್ಷಣ. ನೆಲೆ ಕಳೆದುಕೊಂಡವನು ನಿರಾಶ್ರಿತ ಎಂದರೆ ಅತಿವ್ಯಾಪ್ತಿ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಕಾಡೊಳಗಿನ ಪೋಡುಗಳೆಂಬ ಹಾಡಿಗಳಿಂದ ಹೊರಬಂದ ಸೋಲಿಗರಿಗೂ ಆ ಲಕ್ಷಣ ಅನ್ವಯಿಸುತ್ತದೆ. ಅವರು ಸ್ಥಳಾಂತರಿತರು, ನಿರಾಶ್ರಿತರಲ್ಲ. (ಒಂದೇ ಸೀಮೆಯಲ್ಲಿ, ಒಂದೇ ವರ್ಷದಲ್ಲಿ ಒಬ್ಬರಿಗೆ ನೆಲೆ ಕೊಡಲಾಯಿತು, ಇನ್ನೊಬ್ಬರ ನೆಲೆ ತಪ್ಪಿತು. ಲಕ್ಷಣಭೇದದಿಂದ ನೋವಿನ ತಾರತಮ್ಯ ಸಿದ್ಧವಾಗದು.) ಗಡಿ ದಾಟಿದವನು ಎಂದಷ್ಟೇ ಹೇಳಿದರೆ ಕೂಲಿಗಾಗಿ ಪರದೇಶಕ್ಕೆ ಹೋದವನೂ ಒಳಗಾಗುತ್ತಾನೆ. ಆದ್ದರಿಂದ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಯು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಇವುಗಳ ನಿಮಿತ್ತ ಹಿಂಸೆಯಾದೀತೆಂಬ ಸಕಾರಣ ಭಯವನ್ನು ಲಕ್ಷಣದೊಳಗೆ ಸೇರಿಸಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಹೀಗಾಗಿ ಇಲ್ಲಿಯ ಟಿಬೆಟನ್ನರು ವ್ಯವಹಾರದಲ್ಲಿ ನಿರಾಶ್ರಿತರು, ದಾಖಲೆಯಲ್ಲಿ ನೋಂದಾಯಿತ ವಿದೇಶೀಯರು. 1950ರ ಜನವರಿ 26ರಂದು ಅಥವಾ ಅದರ ನಂತರ, 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರಾದರೆ ಪೌರತ್ವ ಕಾಯಿದೆಯಂತೆ ಜನ್ಮತಃ ಭಾರತೀಯರು. ಈ ದ್ವೈಧವು ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಮನೋಘಾತ. ಇದು ಶೋಕವಲ್ಲ, ಭಯಮಾತ್ರವೂ ಅಲ್ಲ. ಸಂಸ್ಕಾರದಿಂದ ಹುಟ್ಟುವ ಜ್ಞಾನ ಸ್ಮೃತಿ ಎಂಬುದು ತಾರ್ಕಿಕರ ಮತ. ಸ್ಮೃತಿಯಲ್ಲಿ 'ಅದು' ಎಂಬ ಅಂಶ, ಅಂದರೆ ಗತಕಾಲದ ಗುರುತು, ಇರುತ್ತದೆ. ಮನೋಘಾತದಲ್ಲಿ ಸಂಸ್ಕಾರವಿದೆ, ಆ ಗುರುತಿಲ್ಲ. ಪ್ರಾಣ, ದೇಹ, ಮಾನಗಳ ನಾಶವು ಎದುರಿಗೆ ನಿಂತಾಗ ಆದ ಅನುಭವವು ಕಾಲಾಂತರದಲ್ಲಿ 'ಹಾಗಾಯಿತು' ಎಂದು ತೋರದೆ 'ಆಗುತ್ತಿದೆ' ಎಂದೇ ಮರುಕಳಿಸುವುದು ಮನೋಘಾತದ ಲಕ್ಷಣ. ಶೋಕಾರ್ತನು ಸತ್ತವರನ್ನು ನೆನೆದು ಅಳುತ್ತಾನೆ; ಆಘಾತಪೀಡಿತನು ಬೂಟಿನ ಸಪ್ಪಳ ಕೇಳಿದೊಡನೆ ಸೆರೆಮನೆಯೊಳಗೇ ಇರುತ್ತಾನೆ. ಅಮೆರಿಕದ ಮನೋವೈದ್ಯರ ರೋಗಸೂಚಿಗೆ ಈ ವ್ಯಾಧಿ ಸೇರಿದ್ದು 1980ರಲ್ಲಿ. ದೀರ್ಘಕಾಲದ, ಪುನಃಪುನಃ ಒದಗಿದ ಹಿಂಸೆಯಿಂದಾಗುವ ಸಂಕೀರ್ಣ ಪ್ರಕಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು ಪ್ರತ್ಯೇಕವಾಗಿ ಎಣಿಸಿತು.

ನಿರಾಶ್ರಿತರಲ್ಲಿ ಇದು ಕಾಲಭೇದದಿಂದ ಮೂರು ವಿಧ: ಪಲಾಯನಕ್ಕೆ ಮುಂಚಿನದು, ಮಾರ್ಗದಲ್ಲಿ ಆದದ್ದು, ಆಶ್ರಯ ಸಿಕ್ಕ ಮೇಲಿನದು. ಸೆರೆವಾಸ, ಚಿತ್ರಹಿಂಸೆಗಳು ಮೊದಲನೆಯದು. ಹಿಮದ ಕಣಿವೆ ದಾಟುವಾಗ ಕಾಲ್ಬೆರಳು ಕೊಳೆತದ್ದು, ಜೊತೆಯವರನ್ನು ಬಿಟ್ಟು ಬಂದದ್ದು ಎರಡನೆಯದು. ಮೂರನೆಯದರಲ್ಲಿ ಒಂದೊಂದೇ ಘಟನೆ ಚಿಕ್ಕದು, ಅವಧಿ ದೊಡ್ಡದು. ಅದಕ್ಕೇ ಅದು ಗಣನೆಗೆ ಬರುವುದಿಲ್ಲ.

ಚಿಕಿತ್ಸೆಯ ಪ್ರಯೋಜನ ವಿಸ್ಮೃತಿಯಲ್ಲ. ಕಾಲಭ್ರಷ್ಟವಾದ ಸಂಸ್ಕಾರಕ್ಕೆ ಮತ್ತೆ ಗತಕಾಲದ ಸಂಬಂಧವನ್ನು ಕೂಡಿಸುವುದೇ ಪ್ರಯೋಜನ. ಇದಕ್ಕೆ ನಿದರ್ಶನ ಶೌವರ್, ನಾಯ್ನರ್, ಎಲ್ಬರ್ಟ್ ಎಂಬ ಜರ್ಮನಿಯ ವಿದ್ವಾಂಸರು ರೂಪಿಸಿದ ಆತ್ಮಕಥನ ಪದ್ಧತಿ. ರೋಗಿಯ ಮುಂದೆ ಒಂದು ಹಗ್ಗವನ್ನು ನೆಲದ ಮೇಲೆ ಚಾಚುತ್ತಾರೆ. ಅದು ಹುಟ್ಟಿನಿಂದ ಈವರೆಗಿನ ಆಯುಷ್ಯ. ಸುಖದ ಘಟನೆಗೊಂದು ಹೂವು, ದುಃಖದ ಘಟನೆಗೊಂದು ಕಲ್ಲು, ದುಃಖದ ಗಾತ್ರದಂತೆ ಕಲ್ಲಿನ ಗಾತ್ರ. ಮುಂದಿನ ಭೇಟಿಗಳಲ್ಲಿ ಒಂದೊಂದೇ ಕಲ್ಲನ್ನು ಕುರಿತು ಕಂಡದ್ದು, ಕೇಳಿದ್ದು, ಮೈಗಾದದ್ದನ್ನು ಕ್ರಮವಾಗಿ ಹೇಳಿಸಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಮತ್ತೆ ಓದಿ ತಿದ್ದಿಸುತ್ತಾರೆ. ಕೊನೆಗೆ ಆ ಕಥನ ರೋಗಿಯ ಕೈ ಸೇರುತ್ತದೆ. ಇಲ್ಲಿ ಹಗ್ಗ ಅಲಂಕಾರವಲ್ಲ, ಚಿಕಿತ್ಸೆಯ ಅಂಗ. ಕಲ್ಲಿನ ಮುಂದೆಯೂ ಹಗ್ಗ ಸಾಗಿದೆ ಎಂಬುದನ್ನು ಕಣ್ಣಿಗೆ ಕಾಣಿಸುವ ಕೆಲಸ ಅದರದು.

ಇಲ್ಲಿ ಪೂರ್ವಪಕ್ಷ: ಹೇಳಿಸುವುದೇ ಹಿಂಸೆ, ಆರುತ್ತಿರುವ ಗಾಯವನ್ನು ಕೆದಕಬಾರದು. ಪರಿಹಾರ: ಘಟನೆಯಾದ ಕೂಡಲೇ, ಒಂದೇ ಕೂಟದಲ್ಲಿ, ಎಲ್ಲರಿಂದಲೂ ಹೇಳಿಸುವ ಪದ್ಧತಿಯೊಂದಿತ್ತು, ಪರೀಕ್ಷಿಸಿದಾಗ ಅದು ನಿಷ್ಫಲವೆಂದು, ಕೆಲವೊಮ್ಮೆ ಹಾನಿಕರವೆಂದು ತಿಳಿದುಬಂತು. ಆಕ್ಷೇಪ ಅದಕ್ಕೆ ಸಲ್ಲುತ್ತದೆ. ವ್ಯಾಧಿ ನಿಶ್ಚಿತವಾದ ಮೇಲೆ, ರೋಗಿಯ ಸಮ್ಮತಿಯಿಂದ, ಹಲವು ಭೇಟಿಗಳಲ್ಲಿ ನಡೆಯುವ ಕಥನಕ್ಕೆ ಸಲ್ಲದು.

ಎರಡನೆಯ ಪೂರ್ವಪಕ್ಷ ಬಲವತ್ತರ. ಮನೋಘಾತವೆಂಬ ಪದಾರ್ಥವೇ ಪಾಶ್ಚಾತ್ಯರ ಕಲ್ಪನೆ, ಅದನ್ನು ಯುದ್ಧಪೀಡಿತ ಸಮಾಜಗಳ ಮೇಲೆ ಹೇರುವುದು ಅನುಚಿತವೆಂದು ಬ್ರಿಟನ್ನಿನ ಮನೋವೈದ್ಯ ಡೆರೆಕ್ ಸಮ್ಮರ್‌ಫೀಲ್ಡ್ 1999ರಲ್ಲಿ ವಾದಿಸಿದರು. ಒಡೆಯರಪಾಳ್ಯದ ಸಂದರ್ಭದಲ್ಲಿ ಈ ವಾದಕ್ಕೆ ಬೆಂಬಲವೂ ಉಂಟು: ಅಲ್ಲಿಯ ಟಿಬೆಟನ್ನರಿಗೆ ಜೋಗ್‌ಚೆನ್ ವಿಹಾರವಿದೆ, ಕರ್ಮಸಿದ್ಧಾಂತವಿದೆ, ಚಿತ್ತವನ್ನು ಪಳಗಿಸುವ ಲೋಜೊಂಗ್ ಸಾಧನೆಯಿದೆ. ನಿದ್ರಾನಾಶ, ಎದೆಬಡಿತ, ಉದ್ವೇಗಗಳನ್ನು ಪ್ರಾಣವಾಯುವಿನ ವಿಕಾರವೆಂದು ಗ್ರಹಿಸಿ ಔಷಧ ಕೊಡುವ ಅಮ್ಚಿಗಳ ಸೋವಾ ರಿಗ್ಪಾ ಪದ್ಧತಿಯಿದೆ, ಅದಕ್ಕೆ 2010ರಲ್ಲಿ ಭಾರತ ಸರ್ಕಾರದ ಮಾನ್ಯತೆಯೂ ದೊರೆತಿದೆ. ಹೀಗಿರುವಾಗ ಇನ್ನೊಂದು ಚಿಕಿತ್ಸೆ ಏತಕ್ಕೆ?

ಇದಕ್ಕೆ ಸಮಾಧಾನ. ವ್ಯಾಧಿಯ ಹೆಸರು ಒಂದು ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ವ್ಯಾಧಿ ಆ ದೇಶದ್ದಾಗದು. ವಾಯುವಿಕಾರವೆಂಬ ನಿರೂಪಣೆಯೂ ಅದೇ ವ್ಯಾಧಿಯ ಒಂದು ಭಾಗವನ್ನು ಹಿಡಿದಿದೆ, ಆದ್ದರಿಂದ ವಿರೋಧವಿಲ್ಲ. ಚರಕನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿದಾಗ ಒಂದರಿಂದ ಇನ್ನೊಂದು ಬಾಧಿತವೆಂದು ಹೇಳಲಿಲ್ಲ. ಲಾಮಾ, ಅಮ್ಚಿ, ಮನಶ್ಚಿಕಿತ್ಸಕ ಈ ಮೂವರಲ್ಲಿಯೂ ಸಮುಚ್ಚಯವೇ ಯುಕ್ತ, ವಿಕಲ್ಪವಲ್ಲ. ಆದರೆ ಪೂರ್ವಪಕ್ಷಿಯ ಮಾತಿನಲ್ಲಿ ಗ್ರಾಹ್ಯಾಂಶವೊಂದಿದೆ: ಎಲ್ಲ ನಿರಾಶ್ರಿತರೂ ರೋಗಿಗಳಲ್ಲ. ಸಾಧನೆಯಿಂದಲೇ ಸ್ವಸ್ಥನಾದವನಿಗೆ ಹಗ್ಗ, ಕಲ್ಲು ಬೇಕಿಲ್ಲ. ಅವನನ್ನೂ ಕೂರಿಸಿಕೊಂಡು ಹೇಳು ಹೇಳು ಎನ್ನುವುದು ಚಿಕಿತ್ಸೆಯಲ್ಲ, ಕುತೂಹಲ.

ಚಿಕಿತ್ಸಕನು ವೈದ್ಯನೇ ಆಗಿರಬೇಕೆಂಬ ನಿಯಮವೂ ಇಲ್ಲ. ಉಗಾಂಡದ ನಾಕಿವಾಲೆ ವಸತಿಯಲ್ಲಿ ತರಬೇತಿ ಪಡೆದ ನಿರಾಶ್ರಿತರೇ ರುವಾಂಡ, ಸೊಮಾಲಿಯಾದವರಿಗೆ ಈ ಕಥನಚಿಕಿತ್ಸೆ ನಡೆಸಿದ್ದಾರೆ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ರೂಪಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಮಾದರಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ನಂಬಿಯೇ ನಿಂತದ್ದು. ಭಾಷೆ ಬಲ್ಲವನು ಬೇಕೇಬೇಕು. ರೋಗಿಯ ಮಗನನ್ನೋ ಮಗಳನ್ನೋ ದುಭಾಷಿಯಾಗಿ ಕೂರಿಸುವುದು ಮಾತ್ರ ನಿಷಿದ್ಧ, ಏಕೆಂದರೆ ಮಕ್ಕಳ ಮುಂದೆ ಹೇಳಲಾಗದ್ದೇ ಅಲ್ಲಿ ಹೇಳಬೇಕಾದದ್ದು.

ಕೊನೆಯ ಪೂರ್ವಪಕ್ಷ: ಸ್ವದೇಶಕ್ಕೆ ಮರಳುವ ದಾರಿ ಮುಚ್ಚಿದೆ, ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು, ಉಳುವ ಭೂಮಿ ಸ್ವಂತದ್ದಲ್ಲ, ಕಾರಣವು ನಿವೃತ್ತವಾಗದೆ ಕಾರ್ಯನಿವೃತ್ತಿ ಹೇಗೆ? ಇಲ್ಲಿ ಭಯವನ್ನು ಎರಡಾಗಿ ಬೇರ್ಪಡಿಸಬೇಕು. ಎಂದೋ ಕಂಡ ಸಮವಸ್ತ್ರವನ್ನು ಇಂದಿನ ಅರಣ್ಯ ರಕ್ಷಕನ ಮೈಮೇಲೆ ಕಂಡು ಬೆವರುವುದು ಅಯಥಾರ್ಥಭಯ. ಅದರ ಕಾರಣ ಭೂತಕಾಲದಲ್ಲಿದೆ, ಚಿಕಿತ್ಸೆಗೆ ಅದೇ ವಿಷಯ. ನವೀಕರಣದ ತಾರೀಖು ಮೀರಿದರೆ ಏನಾದೀತೆಂದು ನಿದ್ದೆಗೆಡುವುದು ಯಥಾರ್ಥಭಯ. ಅದಕ್ಕೆ ಔಷಧ ಇರುವುದು ಕಚೇರಿಯಲ್ಲಿ. 1987ರ ಜುಲೈಗೆ ಮುಂಚೆ ಇಲ್ಲಿಯೇ ಹುಟ್ಟಿದವನಿಗೆ ಅದು ಜನ್ಮತಃ ಇರುವ ಪೌರತ್ವದ ಮನ್ನಣೆಗೆ ಹಾಕುವ ಅರ್ಜಿಯಲ್ಲೂ ಇರಬಹುದು, ಆ ಅರ್ಜಿ ಹಾಕುವುದೋ ಬಿಡುವುದೋ ಅವನ ಇಷ್ಟ. ಒಬ್ಬನಲ್ಲೇ ಎರಡು ಭಯಗಳೂ ಕೂಡಿರುವುದು ಸಾಮಾನ್ಯ. ಆಗ ಕಚೇರಿಯ ಕೆಲಸ ಮುಗಿಯಲೆಂದು ಚಿಕಿತ್ಸೆಯನ್ನು ತಡೆಯುವಂತಿಲ್ಲ. ಯಥಾರ್ಥಭಯವನ್ನು ರೋಗಲಕ್ಷಣವೆಂದು ಬರೆದುಕೊಂಡು ಗುಳಿಗೆ ಕೊಡುವಂತೆಯೂ ಇಲ್ಲ.