ಹದಿನೈದಕ್ಕೆ ಹದಿನೈದು

ತಲೆಗೆ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಕೈಗೆ ಬರುವ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಸಾಮಾನ್ಯವಾಗಿ ಒಂದು ಅಂಕೆ ಇರುತ್ತದೆ: ಜಿ.ಸಿ.ಎಸ್. 15/15. ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ರೂಪಿಸಿದ ‘ಗ್ಲಾಸ್ಗೋ ಕೋಮಾ ಸ್ಕೇಲ್’ ಎಂಬ ಅಳತೆ ಇದು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಹೇಳಿದಂತೆ ಕೈಕಾಲು ಆಡಿಸುವುದಕ್ಕೆ ಆರು. ಪೂರ್ತಿ ಅಂಕ ಬಂತೆಂದರೆ ರೋಗಿ ತಾನಾಗಿ ಕಣ್ಣು ಬಿಡುತ್ತಾನೆ, ಹೆಸರು, ಊರು, ಇಸವಿ ಹೇಳುತ್ತಾನೆ, ಕೈ ಎತ್ತು ಅಂದರೆ ಎತ್ತುತ್ತಾನೆ. ಅಷ್ಟೇ. ಜೀವ ಉಳಿಸುವ ಗಡಿಬಿಡಿಯಲ್ಲಿ ಬಹಳ ಉಪಯೋಗಕ್ಕೆ ಬರುವ ಅಳತೆ ಅದು. ಮನೆಯವರಿಗೆ ಮಾತ್ರ ಅದು ‘ತಲೆ ಸರಿಹೋಯಿತು’ ಎಂದು ಕೇಳಿಸುತ್ತದೆ. ಬೆಂಗಳೂರಿನ ಟಿನ್ ಫ್ಯಾಕ್ಟರಿಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹಲಸೂರಿನವರೆಗೆ ದಿನವಿಡೀ ಬೈಕಿನ ಮೇಲಿರುವವರನ್ನು ನೆನೆಯಿರಿ: ಇಂದಿರಾನಗರದ ಹೋಟೆಲುಗಳಿಂದ ಊಟ ಒಯ್ಯುವವರು, ಶಿವಾಜಿನಗರದ ಅಂಗಡಿಗಳಿಗೆ ಮಾಲು ಮುಟ್ಟಿಸುವವರು. ಅಂಥವನೊಬ್ಬ ಬಿದ್ದು, ಚೇತರಿಸಿಕೊಂಡು, ಕೆಲಸಕ್ಕೆ ಮರಳುತ್ತಾನೆ ಎನ್ನೋಣ. ದಾರಿ ಮರೆತಿಲ್ಲ, ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಆದರೆ ಎರಡು ಆರ್ಡರ್ ಒಟ್ಟಿಗೆ ಬಂದರೆ ಯಾವುದು ಮೊದಲು ಎಂದು ತೋಚದೆ ನಿಂತುಬಿಡುತ್ತಾನೆ. ಗಿರಾಕಿ ಗದರಿದರೆ ಒಂದು ದಿನ ಜಗಳಕ್ಕೆ ನಿಲ್ಲುತ್ತಾನೆ, ಇನ್ನೊಂದು ದಿನ ಏನೂ ಅನ್ನಿಸದವನ ಹಾಗೆ ಇರುತ್ತಾನೆ. ಮನೆಯಲ್ಲಿ ಇದಕ್ಕೆ ಎರಡೇ ವಿವರಣೆ: ಒಂದೋ ಸೋಮಾರಿಯಾಗಿದ್ದಾನೆ, ಇಲ್ಲವೇ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಬುದ್ಧಿಗೆ ಏಟಾಗಿದೆ ಎಂದು ಯಾರಿಗೂ ಹೊಳೆಯುವುದಿಲ್ಲ, ಯಾಕೆಂದರೆ ಬುದ್ಧಿ ಬೇರೆ, ಭಾವ ಬೇರೆ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ. ಭಾವ ಕೆಟ್ಟಾಗ ಕೆಡುವುದು ವಿವೇಕವೇ.

ಮೊದಲ ಸಾಕ್ಷ್ಯ ತಲೆಬುರುಡೆಯ ಒಳಗೇ ಇದೆ. ಬುರುಡೆಯ ತಳ, ಹಣೆಯ ಹಿಂದೆ ಮತ್ತು ಕಿವಿಯ ಪಕ್ಕದಲ್ಲಿ, ಏಣೇಣಾಗಿ ಒರಟಾಗಿದೆ. ಓಡುವ ತಲೆ ಗಕ್ಕನೆ ನಿಂತಾಗ ಮೆತ್ತನೆಯ ಮಿದುಳು ಆ ಏಣುಗಳಿಗೇ ಉಜ್ಜುತ್ತದೆ. ಹಾಗಾಗಿ ಪೆಟ್ಟು ಎಲ್ಲೇ ಬಿದ್ದರೂ ಗಾಯ ಹೆಚ್ಚಾಗಿ ಆಗುವುದು ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಭಾಗಗಳಿಗೆ. ಜೊತೆಗೆ ನರತಂತುಗಳು ಅಲ್ಲಲ್ಲಿ ಹರಿದಿರುತ್ತವೆ, ಅದು ಸಿ.ಟಿ. ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಈ ಭಾಗಗಳ ಕೆಲಸವೇನೆಂದು ತೋರಿಸಿದವರಲ್ಲಿ ಆಂಟೋನಿಯೊ ದಮಾಸಿಯೊ ಮುಖ್ಯರು. 1994ರ ತಮ್ಮ ಪುಸ್ತಕದಲ್ಲಿ ಅವರು ಎಲಿಯಟ್ ಎಂದು ಕರೆದ ರೋಗಿಗೆ ಹಣೆಯ ಹಿಂದಿನ ಗಡ್ಡೆ ತೆಗೆದ ಮೇಲೂ ಬುದ್ಧಿಮತ್ತೆಯ ಅಂಕ ಚೆನ್ನಾಗಿಯೇ ಇತ್ತು, ನೆನಪು ಸರಿಯಿತ್ತು. ಆದರೆ ಕೆಲಸ ಹೋಯಿತು, ಉಳಿತಾಯ ಹೋಯಿತು, ಸಂಸಾರ ಮುರಿಯಿತು. ತನ್ನ ಪಾಡನ್ನು ಬೇರೆಯವರ ಕಥೆಯೆಂಬಂತೆ ಶಾಂತವಾಗಿ ಹೇಳುತ್ತಿದ್ದ. ಅದೇ ಬಗೆಯ ಗಾಯದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗೆಂದು ಎರಡು ದಿನಾಂಕ ಕೊಟ್ಟಾಗ ಆತ ಹವಾಮಾನ, ಬೇರೆ ಕೆಲಸಗಳು ಎಂದೆಲ್ಲ ತೂಗಿನೋಡುತ್ತ ಹತ್ತಿರಹತ್ತಿರ ಅರ್ಧ ಗಂಟೆ ಕಳೆದ. ತರ್ಕದಲ್ಲಿ ಒಂದು ತಪ್ಪಿಲ್ಲ; ‘ಸಾಕು, ಇದೇ ಇರಲಿ’ ಎನ್ನುವ ಒಳಗಿನ ತುಡಿತ ಮಾತ್ರ ಇಲ್ಲ. ನಷ್ಟ ತರುವ ಎಲೆಗಳ ಕಟ್ಟು ಯಾವುದೆಂದು ಮನಸ್ಸಿಗಿಂತ ಮೊದಲು ಮೈಗೆ ತಿಳಿಯುತ್ತದೆ ಎಂದ ದಮಾಸಿಯೊ ತಂಡದ ಇಸ್ಪೀಟು ಪ್ರಯೋಗದ ಮೇಲೆ ಟೀಕೆ ಬಂದದ್ದು ನಿಜ: ಭಾಗವಹಿಸಿದವರಿಗೆ ಯಾವ ಕಟ್ಟು ನಷ್ಟದ್ದೆಂದು ಅಷ್ಟು ಹೊತ್ತಿಗೆ ಮನಸ್ಸಿಗೂ ಗೊತ್ತಿರುತ್ತದೆ ಎಂದು 2004ರಲ್ಲಿ ಮಾಯಾ ಮತ್ತು ಮೆಕ್ಲೆಲಂಡ್ ತೋರಿಸಿದರು. ಈ ಟೀಕೆ ನನ್ನ ವಾದಕ್ಕೆ ತಟ್ಟುವುದಿಲ್ಲ. ಕೆಲವು ರೋಗಿಗಳು ಈ ಕಟ್ಟು ಕೆಟ್ಟದ್ದೆಂದು ಬಾಯಲ್ಲಿ ಹೇಳುತ್ತಲೇ ಅದಕ್ಕೇ ಕೈ ಹಾಕುತ್ತಿದ್ದರು. ಗೊತ್ತಿರುವುದು ನಡೆಗೆ ಇಳಿಯದೆ ಹೋಗುವುದೇ ಇಲ್ಲಿನ ಕಾಯಿಲೆ.

ಖಿನ್ನತೆ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. 1986ರಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್, ಸಾಯಲು ಯತ್ನಿಸಿ ಬದುಕಿದವರಿಗೆ ಒಂದೊಂದು ಪದ ಕೊಟ್ಟು ಅದಕ್ಕೆ ಹೊಂದುವ ಒಂದು ನಿರ್ದಿಷ್ಟ ಘಟನೆ ನೆನೆಯಲು ಕೇಳಿದರು. ‘ಸಂತೋಷ’ ಎಂಬ ಪದಕ್ಕೆ ಇತರರು ಒಂದು ದಿನವನ್ನು, ಒಂದು ಜಾಗವನ್ನು ಹೇಳಿದರೆ ಇವರು ‘ಹಬ್ಬ ಬಂದಾಗ’ ಎಂಬಂಥ ಸಾರಾಸಗಟು ಉತ್ತರಗಳಲ್ಲೇ ಹೆಚ್ಚಾಗಿ ನಿಂತರು. ಹಿಂದೆ ಇಂಥದೇ ತೊಡಕನ್ನು ಹೇಗೆ ದಾಟಿದೆ ಎಂಬುದು ನೆನಪಿಗೆ ಬಾರದವನು ಮುಂದಿನದನ್ನು ದಾಟುವ ದಾರಿ ಯೋಚಿಸುವುದಾದರೂ ಹೇಗೆ? ದುಃಖ ಇಳಿದ ಮೇಲೂ ಗಮನ, ಯೋಜನೆ ಹಾಕುವ ಶಕ್ತಿ ಪೂರ್ತಿ ಮರಳದಿರಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ 2014ರ ವಿಶ್ಲೇಷಣೆಯೊಂದು ಹೇಳುತ್ತದೆ. ನಮ್ಮ ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ಐವರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಬಿದ್ದವರು, ಅದಕ್ಕೆ ಚಿಕಿತ್ಸೆ ಸಿಗದವರು ಹತ್ತರಲ್ಲಿ ಎಂಟಕ್ಕೂ ಹೆಚ್ಚು. ‘ಸ್ವಲ್ಪ ಗಟ್ಟಿ ಮನಸ್ಸು ಮಾಡು’ ಎಂಬ ಬುದ್ಧಿವಾದ ಅವರಿಗೆಲ್ಲ ಪುಕ್ಕಟೆ ಸಿಕ್ಕಿರುತ್ತದೆ, ಅನುಮಾನವಿಲ್ಲ. ಯಾವುದು ಸೋತಿದೆಯೋ ಅದರಿಂದಲೇ ಕೆಲಸ ಮಾಡಿಸು ಎನ್ನುವ ಬುದ್ಧಿವಾದ ಅದು.

ಇದಕ್ಕೆ ಒಂದು ಜಾಣ ಆಕ್ಷೇಪವಿದೆ. ದುಃಖಿಗೆ ಲೋಕ ಇದ್ದಂತೆಯೇ ಕಾಣುತ್ತದೆ, ಸುಖಿಗೇ ಭ್ರಮೆ ಎನ್ನುತ್ತಾರೆ. 1979ರಲ್ಲಿ ಅಲಾಯ್ ಮತ್ತು ಅಬ್ರಾಮ್ಸನ್ ಗುಂಡಿ ಒತ್ತಿದರೆ ದೀಪ ಹತ್ತುವ ಪ್ರಯೋಗದಲ್ಲಿ, ತಮ್ಮ ಹಿಡಿತ ಎಷ್ಟೆಂಬುದನ್ನು ಖಿನ್ನ ವಿದ್ಯಾರ್ಥಿಗಳೇ ಹೆಚ್ಚು ಸರಿಯಾಗಿ ಅಂದಾಜು ಮಾಡಿದರೆಂದು ಕಂಡರು. ಅವರು ಕಾಲೇಜು ಹುಡುಗರು, ವಾರ್ಡಿನ ರೋಗಿಗಳಲ್ಲ. 2022ರಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ನಿಲ್ಲಲೂ ಇಲ್ಲ. ನಮ್ಮಲ್ಲೇ ಹುಟ್ಟುವ ಆಕ್ಷೇಪ ಇನ್ನೂ ಗಟ್ಟಿಯದು: ರಾಗದ್ವೇಷ ಕಳಚಿದಷ್ಟೂ ಬುದ್ಧಿ ತಿಳಿಯಾಗುತ್ತದೆಂದು ಗೀತೆಯಿಂದ ಹಿಡಿದು ಮನೆಯ ಅಜ್ಜಿಯವರೆಗೆ ಎಲ್ಲರೂ ಹೇಳಿಲ್ಲವೇ? ಹಾಗಾದರೆ ಎಲಿಯಟ್ ಸ್ಥಿತಪ್ರಜ್ಞನಾಗಬೇಕಿತ್ತು. ಆಗಲಿಲ್ಲ. ಸ್ಥಿತಪ್ರಜ್ಞನನ್ನು ಭಾವ ಎಳೆದಾಡುವುದಿಲ್ಲ, ನಿಜ. ಆದರೆ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ಅವನಿಗೆ ನಿಚ್ಚಳ. ಎಲಿಯಟ್‌ಗೆ ಎಲ್ಲವೂ ಒಂದೇ ತೂಕ. ವೈರಾಗ್ಯಕ್ಕೂ ಈ ನಿರ್ಭಾವಕ್ಕೂ ಹೊರನೋಟದಲ್ಲಿ ಹೋಲಿಕೆ ಇರಬಹುದು, ಒಳಗೆ ಯಾವ ನೆಂಟಸ್ತಿಕೆಯೂ ಇಲ್ಲ.

ನನ್ನನ್ನು ನಿಜಕ್ಕೂ ಅಳುಕಿಸುವ ಆಕ್ಷೇಪ ಕಾನೂನಿನದು. ಭಾವ ಕೆಟ್ಟರೆ ವಿವೇಕವೂ ಕೆಟ್ಟಂತೆ ಎಂದು ಒಪ್ಪಿಬಿಟ್ಟರೆ, ಖಿನ್ನತೆಯ ಚೀಟಿ ಹಿಡಿದವಳ ಸಹಿಗೆ ಬೆಲೆಯಿಲ್ಲ, ಮನೆ ಮಾರುವ ಮಾತು ಅಣ್ಣಂದಿರೇ ಆಡಲಿ ಎನ್ನುವವರು ಮರುದಿನವೇ ಹುಟ್ಟುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಬಾಗಿಲನ್ನು ಬೇಕೆಂದೇ ಮುಚ್ಚಿದೆ: ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅಸ್ವಸ್ಥ ಚಿತ್ತದವರು ಎಂದಾಗದು, ನ್ಯಾಯಾಲಯ ಹಾಗೆ ಘೋಷಿಸಿದರೆ ಮಾತ್ರ ಆಗುತ್ತದೆ; ಚಿಕಿತ್ಸೆಯ ತೀರ್ಮಾನದಲ್ಲಿ ನೋಡಬೇಕಾದದ್ದು ಆ ತೀರ್ಮಾನದ ಮಟ್ಟಿಗಿನ ಸಾಮರ್ಥ್ಯವನ್ನು. ಅದೇ ಕಾಯ್ದೆ ಮಾನಸಿಕ ಕಾಯಿಲೆಯನ್ನು ವಿವರಿಸುವಾಗ ಆಲೋಚನೆ, ಮನಃಸ್ಥಿತಿ, ಗ್ರಹಿಕೆ, ನೆನಪು ಇವನ್ನೆಲ್ಲ ಒಂದೇ ಸಾಲಿನಲ್ಲಿ ಇಡುತ್ತದೆ. ಇವೆರಡರ ನಡುವೆ ವಿರೋಧ ನನಗೆ ಕಾಣುವುದಿಲ್ಲ. ಭಾವದ ಗಾಯ ಎಲ್ಲ ತೀರ್ಮಾನಗಳನ್ನೂ ಒಂದೇ ಸಮ ಕೆಡಿಸುವುದಿಲ್ಲ. ಮೂರು ಹೊತ್ತಿನ ಮಾತ್ರೆಗೆ ಒಪ್ಪುವುದು ಬೇರೆ, ಕೆಲಸ ಬಿಡುವುದು ಬೇರೆ, ಸೈಟು ಮಾರುವುದು ಬೇರೆ. ಎಲ್ಲಿ ತಡವರಿಕೆ ಇದೆಯೋ ಅಲ್ಲಿ ಜೊತೆಗೆ ಕೂರುವವರು ಬೇಕು. ಬದಲಿಗೆ ಸಹಿ ಹಾಕುವವರಲ್ಲ.

ಅದೇ ಹೊತ್ತಿಗೆ, ಗಾಯವೇ ಇಲ್ಲ ಎನ್ನುವುದರಿಂದ ಆಗುವ ನಷ್ಟ ಕಣ್ಣಿಗೆ ಹೊಡೆಯುವಂತಿದೆ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಲೆಕ್ಕಕ್ಕೆ ಬರುವುದು ವೈದ್ಯರು ಹೇಳುವ ಶೇಕಡಾವಾರು ಅಂಗವೈಕಲ್ಯ. ಅಷ್ಟನ್ನೇ ನೋಡಬಾರದೆಂದು ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಎಡಗೈ ಹೋದ ಚಾಲಕನಿಗೋ ಬಡಗಿಗೋ ದುಡಿಮೆಯೇ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ. ಇದೇ ನ್ಯಾಯವನ್ನು ತಲೆಗೂ ವಿಸ್ತರಿಸಿ ನೋಡಿ. ‘ಯಾವುದು ಮೊದಲು’ ಎಂದು ಕ್ಷಣಕ್ಷಣಕ್ಕೂ ನಿರ್ಧರಿಸಿಯೇ ಹೊಟ್ಟೆ ಹೊರೆಯುವ ಡೆಲಿವರಿ ಹುಡುಗನಿಗೆ ಹಣೆಯ ಹಿಂದಿನ ಸಣ್ಣ ಗಾಯವೂ ಆ ಎಡಗೈಯೇ. ಆದರೆ ಅವನ ಎಲುಬು ಕೂಡಿದೆ, ಸ್ಕ್ಯಾನ್ ತಿಳಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದರ ಪಟ್ಟಿಯಲ್ಲಿ ಅಪಘಾತದ ಮಿದುಳು ಗಾಯಕ್ಕೆ ಅದರದೇ ಹೆಸರಿನ ಸ್ಥಾನವೂ ಇಲ್ಲ. ಮಾನಸಿಕ ಕಾಯಿಲೆಯ ಬಾಗಿಲಿನಿಂದಲೋ ಇನ್ನೊಂದರಿಂದಲೋ ನುಸುಳಬೇಕು.

ಯಾರನ್ನು ಕೇಳಬೇಕು ಎಂಬುದಕ್ಕೆ ಗ್ಲಾಸ್ಗೋದಲ್ಲೇ ಉತ್ತರವಿದೆ. ನೀಲ್ ಬ್ರೂಕ್ಸ್ ತಂಡ ತೀವ್ರ ಪೆಟ್ಟು ತಿಂದವರ ಮನೆಯವರನ್ನು ವರ್ಷಗಟ್ಟಲೆ ಕೇಳುತ್ತ ಹೋಯಿತು. ‘ಇವನು ಮೊದಲಿನವನಲ್ಲ’ ಎಂದವರು ಮೂರು ತಿಂಗಳಿಗೆ ಸುಮಾರು ಅರ್ಧದಷ್ಟು, ಐದು ವರ್ಷಕ್ಕೆ ಮುಕ್ಕಾಲು ಪಾಲು. ಗಾಯ ಮಾಯುತ್ತ ಬಂದರೂ ದೂರು ಬೆಳೆಯಿತು. ರೋಗಿಗಳಿಗೆ ಎಷ್ಟೋ ಸಲ ತಮ್ಮ ಬದಲಾವಣೆ ತಮಗೇ ತಿಳಿಯುವುದಿಲ್ಲ. ಹಾಗೆಂದು ಇದು ವಾಸಿಯಾಗದ ವಿಷಯ ಎನ್ನಲಾಗದು. 1848ರ ಸೆಪ್ಟೆಂಬರ್‌ನಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ಸೀಳಿಕೊಂಡು ಹೋದ ಅಮೆರಿಕದ ಫಿನಿಯಸ್ ಗೇಜ್‌ನನ್ನು ಪಠ್ಯಪುಸ್ತಕಗಳು ಕೆಟ್ಟುಹೋದ ಮನುಷ್ಯನೆಂದೇ ತೋರಿಸುತ್ತವೆ. ಆತ ಆಮೇಲೆ ಚಿಲಿ ದೇಶದಲ್ಲಿ ಸುಮಾರು ಏಳು ವರ್ಷ ಕುದುರೆ ನೋಡಿಕೊಂಡು, ಕೋಚು ಗಾಡಿ ಹೊಡೆದುಕೊಂಡು ದುಡಿದನೆಂಬುದನ್ನು ಇತಿಹಾಸಕಾರ ಮಾಲ್ಕಂ ಮ್ಯಾಕ್‌ಮಿಲನ್ ಎತ್ತಿ ತೋರಿಸಿದರು. ಅದೇ ಹೊತ್ತು, ಅದೇ ದಾರಿ, ಅದೇ ಕುದುರೆಗಳು. ಒಳಗೆ ಕಳೆದುಹೋದ ‘ಯಾವುದು ಮೊದಲು’ ಎಂಬ ಅರಿವನ್ನು ದಿನಚರಿ ಹೊರಗಿನಿಂದ ಒದಗಿಸಿತು ಎಂದು ಅವರ ಊಹೆ. ಲಿಂಗರಾಜಪುರದ ಎ.ಪಿ.ಡಿ.ಯಂಥ ಸಂಸ್ಥೆ 1959ರಿಂದ ಅಂಗವಿಕಲರ ನಡುವೆ ಕೆಲಸ ಮಾಡುತ್ತ ಬಂದಿದೆ. ದುಡಿಮೆಯ ತರಬೇತಿ ಕೊಡುವ ಅನುಭವ ಈ ಊರಿಗೆ ಹೊಸದಲ್ಲ. ಹೊಸದಾಗಿ ಬೇಕಿರುವುದು ಸಣ್ಣದು: ತಲೆಪೆಟ್ಟಿನ ಪ್ರತಿ ರೋಗಿಯನ್ನೂ ಬೌರಿಂಗ್‌ನಂಥ ಆಸ್ಪತ್ರೆಗಳು ಮೂರು ತಿಂಗಳಿಗೆ, ವರ್ಷಕ್ಕೆ ಮತ್ತೆ ಕರೆಸಿ, ಜೊತೆಗೆ ಬಂದವರನ್ನು ಬೇರೆ ಕೂರಿಸಿ ಕೇಳುವುದು, ಅವರು ಹೇಳಿದ್ದನ್ನು ಅದೇ ಕೇಸ್ ಶೀಟಿನಲ್ಲಿ ಜಿ.ಸಿ.ಎಸ್.ನ ಕೆಳಗೆ ಬರೆದಿಡುವುದು. ಪರಿಹಾರದ ಪ್ರಕರಣ ಸಾಕ್ಷಿಯ ಹಂತಕ್ಕೆ ಬರುವಷ್ಟರಲ್ಲಿ ಆ ಎರಡು ಬರಹಗಳು ಅಲ್ಲಿರಬೇಕು. ಆಮೇಲೆ ಹೇಳಿದ್ದನ್ನು ವಿಮಾ ಕಂಪನಿಯ ವಕೀಲರು ಹಣಕ್ಕಾಗಿ ಹುಟ್ಟಿಸಿದ ಮಾತೆನ್ನುತ್ತಾರೆ.