ಇಂದಿನ ಧಮ್ಮ ಚಿಂತನೆ: ಯಂತ್ರಕ್ಕೆ ಹೇಳಿದ ಸುಳ್ಳು



ಕಳೆದ ಭಾನುವಾರ ನಮ್ಮ ಅಧ್ಯಯನದಲ್ಲಿ ನಾಲ್ಕನೇ ಶೀಲದ ಮಾತು ಬಂದಾಗ ಮಾತಾಡುವ ಸರದಿ ನನ್ನದಿತ್ತು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಅದೂ ಸುಳ್ಳೇ. ಅವತ್ತು ಹೇಳಬೇಕಾಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಗಾಡಿಯಲ್ಲಿ ಸೀಟು ಸಿಕ್ಕಮೇಲೆ ಓದಿ.

ಪ್ರಶ್ನೆ ಇಷ್ಟೇ. ಒಂದು ಯಂತ್ರಕ್ಕೆ ಸುಳ್ಳು ಹೇಳಿದರೆ ಅದು ಮುಸಾವಾದವೇ?

ನಾನು ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ಓಡಾಡುವವನು. ಮಾರಿಕುಪ್ಪಂ, ಚಾಂಪಿಯನ್, ಊರ್‌ಗಾಂ, ಕೋರಮಂಡಲ್‌ನಲ್ಲಿ ಹತ್ತಿದವರು ಕೂತಿರುತ್ತಾರೆ, ನಮ್ಮ ಸ್ಟೇಷನ್ನಿನವರು ನಿಂತು ಹೋಗುತ್ತೇವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಜನರಿಗೆ ಶಿಫ್ಟ್ ಅಂದರೆ ಈ ಗಾಡಿಗಳೇ. ರಾತ್ರಿ ಮನೆ ಸೇರುವಾಗ ಒಂಬತ್ತು ಗಂಟೆ. ಸಕ್ಕರೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ಬೆವರು ಬರಲೇಬೇಕು ಎಂದರು ಡಾಕ್ಟರು. ಆ ಹೊತ್ತಿನಲ್ಲಿ ಸೈಕಲ್ ತೆಗೆದುಕೊಂಡು ರಸ್ತೆಗಿಳಿದರೆ ಒಂದು ಕಡೆ ನಾಯಿಗಳು, ಇನ್ನೊಂದು ಕಡೆ ಲಾರಿಗಳು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅಕ್ಕನ ಮಗ ತಾನು ಹೊಸದು ತೆಗೆದುಕೊಂಡು, ತನ್ನ ಹಳೆಯ ಸ್ಮಾರ್ಟ್ ಟ್ರೈನರ್ ನನಗೆ ಕೊಟ್ಟ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಆ ಜಾಗಕ್ಕೆ ಈ ಯಂತ್ರ ಕೂರಿಸಬೇಕು. ಒಳಗೆ ಒಂದು ಭಾರದ ಫ್ಲೈವೀಲ್, ಅದನ್ನು ಹಿಡಿದು ನಿಲ್ಲಿಸುವುದಕ್ಕೆ ವಿದ್ಯುತ್ ಅಯಸ್ಕಾಂತ. ಫೋನಿನ ಪರದೆಯ ಮೇಲೆ ಗುಡ್ಡ ಬಂದರೆ ಅಯಸ್ಕಾಂತ ಬಿಗಿ ಹಿಡಿಯುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ. ಇಳಿಜಾರು ಬಂದರೆ ಹಗುರ. ನೀವು ಎಷ್ಟು ಬಲ ಹಾಕಿದಿರಿ ಎಂದು ವ್ಯಾಟ್ ಲೆಕ್ಕದಲ್ಲಿ ಫೋನಿಗೆ ಹೇಳುತ್ತಲೇ ಇರುತ್ತದೆ. ಬೇರೆ ಊರಿನಲ್ಲಿ ಇಂಥದ್ದೇ ಯಂತ್ರದ ಮೇಲೆ ಕೂತವನು ಪರದೆಯಲ್ಲಿ ನಿಮ್ಮ ಪಕ್ಕದಲ್ಲೇ ಸೈಕಲ್ ತುಳಿಯುತ್ತಿರುತ್ತಾನೆ.

ಜೋಡಿಸುವಾಗ ಸಾಕಷ್ಟು ಪರದಾಡಿದೆ. ಅದಕ್ಕೆ ಹನ್ನೊಂದು ಗೇರಿನ ಕ್ಯಾಸೆಟ್ ಇತ್ತು, ನನ್ನ ಸೈಕಲ್ ಎಂಟು ಗೇರಿನದು. ಚೈನ್ ಹಲ್ಲಿನ ಮೇಲೆ ನಿಲ್ಲದೆ ಕಟಕಟ ಎಂದು ಹಾರುತ್ತಿತ್ತು. ಕೊನೆಗೆ ಸೈಕಲ್ ಶಾಪಿನವರು ನನ್ನ ಚಕ್ರದ ಕ್ಯಾಸೆಟ್ಟನ್ನೇ ಬಿಚ್ಚಿ, ಹಿಂದೆ ಒಂದು ತೆಳು ವಾಷರ್ ಕೊಟ್ಟು, ಯಂತ್ರಕ್ಕೆ ಕೂರಿಸಿದರು. ಚಕ್ರ ಬಿಚ್ಚಿಟ್ಟು ಸೈಕಲ್ ತುಳಿಯುವವರನ್ನು ಇವತ್ತೇ ನೋಡಿದ್ದು ಎಂದಳು ನನ್ನ ಹೆಂಡತಿ. ನಮ್ಮಪ್ಪ ಚಾಂಪಿಯನ್ ರೀಫ್ ಶಾಫ್ಟಿಗೆ ಶಿಫ್ಟ್ ಹೋಗುತ್ತಿದ್ದದ್ದು ಸೈಕಲ್ಲಿನಲ್ಲೇ. ಬೆವರು ಸುರಿಸುವುದಕ್ಕೆ ಮನೆಯೊಳಗೆ ಯಂತ್ರ ತಂದಿಡುವ ಕಾಲ ಬರುತ್ತದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೆ ಕೆಮ್ಮು ಬರುವವರೆಗೂ ನಗುತ್ತಿದ್ದರು. ಕೆಮ್ಮಂತೂ ಅವರಿಗೆ ಇದ್ದೇ ಇತ್ತು. ಗಣಿಯ ಧೂಳು ಯಾರ ಎದೆಯನ್ನೂ ಬಿಡಲಿಲ್ಲ.

ಈ ಯಂತ್ರದ ಒಂದು ಗುಣ ನನಗೆ ಬಹಳ ಹಿಡಿಸಿತು. ಬಿಸಿಯಾದಂತೆ ಅದರ ಅಳತೆ ಒಂದಿಷ್ಟು ಆಚೀಚೆ ಆಗುತ್ತದೆ. ಅದಕ್ಕೇ ಹತ್ತು ನಿಮಿಷ ತುಳಿದು ಬಿಸಿ ಮಾಡಿ, ಜೋರಾಗಿ ವೇಗ ಏರಿಸಿ, ಆಮೇಲೆ ಕಾಲು ನಿಲ್ಲಿಸಿಬಿಡಬೇಕು. ಫ್ಲೈವೀಲ್ ತಾನಾಗಿಯೇ ತಿರುಗಿ ತಿರುಗಿ ನಿಧಾನವಾಗುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದರಿಂದ ತನ್ನೊಳಗೆ ಎಷ್ಟು ತಿಕ್ಕಾಟವಿದೆ ಎಂದು ಅದು ಲೆಕ್ಕ ಹಾಕಿಕೊಂಡು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಅಷ್ಟು ನಿಯತ್ತಿನ ಯಂತ್ರ ಒಂದೇ ಒಂದು ವಿಷಯವನ್ನು ಮಾತ್ರ ಅಳೆಯುವುದಿಲ್ಲ, ನಮ್ಮನ್ನು ಕೇಳಿ ನಂಬುತ್ತದೆ. ಅದು ನಮ್ಮ ಮೈತೂಕ.

ಮೊದಲ ದಿನ ಫೋನಿನ ಆ್ಯಪ್ ತೂಕ ಕೇಳಿತು. ನಾನು 65 ಎಂದು ಬರೆದೆ. ಅದು ನನ್ನ ಮದುವೆಯ ವರ್ಷದ ತೂಕ. ಈಗಿನದು 79. ನಮ್ಮ ಊರಿನ ಪಾನಿಪುರಿಯ ಋಣವೂ ಅದರಲ್ಲಿ ಸೇರಿದೆ. ಬರೆಯುವಾಗ ಮೋಸ ಮಾಡಬೇಕು ಎಂದೇನೂ ಅಂದುಕೊಂಡಿರಲಿಲ್ಲ. ಇನ್ನು ಇಳಿಸುತ್ತೇನಲ್ಲ, ಈಗಲೇ ಬರೆದಿಟ್ಟರೆ ತಪ್ಪೇನು ಎಂದುಕೊಂಡೆ. ಸುಳ್ಳುಗಳು ಒಳಗೆ ಬರುವುದೇ ಹೀಗೆ, ಚಪ್ಪಲಿ ಹೊರಗೆ ಬಿಟ್ಟು, ನೆಂಟರ ಹಾಗೆ.

ಗುಡ್ಡ ಹತ್ತುವಾಗ ವೇಗ ಬರುವುದು ಬರೀ ಬಲದಿಂದಲ್ಲ, ಬಲವನ್ನು ತೂಕದಿಂದ ಭಾಗಿಸಿದ ಲೆಕ್ಕದಿಂದ. ನಾನು ಹಾಕುತ್ತಿದ್ದದ್ದು 160 ವ್ಯಾಟ್. 79ರಿಂದ ಭಾಗಿಸಿದರೆ ಕಿಲೋಗೆ ಎರಡು ವ್ಯಾಟ್. 65ರಿಂದ ಭಾಗಿಸಿದರೆ ಎರಡೂವರೆಯ ಹತ್ತಿರ. ಅಕ್ಕನ ಮಗ 70 ಕಿಲೋ ಇದ್ದಾನೆ, ಹಾಕುವುದು 165 ವ್ಯಾಟ್, ಎಂದರೆ 2.3 ಚಿಲ್ಲರೆ. ವಾರಕ್ಕೆ ಎರಡು ರಾತ್ರಿ ಅವನು ಅಲ್ಲಿಂದ, ನಾನು ಇಲ್ಲಿಂದ ಒಂದೇ ಗುಡ್ಡ ಹತ್ತುತ್ತಿದ್ದೆವು. ಪ್ರತಿ ಸಲವೂ ತುದಿ ಮುಟ್ಟುತ್ತಿದ್ದವನು ನಾನು. ಐವತ್ತು ದಾಟಿದವನು, ಸಕ್ಕರೆ ಕಾಯಿಲೆಯವನು! "ಮಾಮ, ಏನ್ ತಿಂತೀರ ನೀವು?" ಎಂದು ಅವನು ಏದುಸಿರು ಬಿಡುತ್ತಾ ಕೇಳುವಾಗ ಆಗುತ್ತಿದ್ದ ಖುಷಿಯನ್ನು ಏನೆಂದು ಹೇಳಲಿ. ಮಾರನೇ ದಿನ ಗಾಡಿಯಲ್ಲಿ ನಿಂತು ಹೋಗುವಾಗಲೂ ಆ ಖುಷಿ ಕಾಲಿನಲ್ಲಿರುತ್ತಿತ್ತು.

ಸಮಜಾಯಿಷಿಗೇನೂ ಕೊರತೆ ಇರಲಿಲ್ಲ. ಇದು ಆಟ. ಕಬಡ್ಡಿಯಲ್ಲಿ ಎಡಕ್ಕೆ ನೋಡಿ ಬಲಕ್ಕೆ ಕೈ ಹಾಕುವುದಿಲ್ಲವೇ? ದೊಡ್ಡ ಪಂದ್ಯಗಳಲ್ಲೂ ಇದು ನಡೆಯುತ್ತದಲ್ಲ, ಬ್ರಿಟನ್ನಿನಲ್ಲಿ ಇಂಥ ಪಂದ್ಯದ ಮೊದಲ ಚಾಂಪಿಯನ್ ಪಟ್ಟ ಗೆದ್ದವನಿಂದಲೇ 2019ರಲ್ಲಿ ಅದನ್ನು ಕಿತ್ತುಕೊಂಡರು, ತಾನು ತುಳಿಯದೆ ಗಣಕಯಂತ್ರದಿಂದ ತುಳಿಸಿ ಒಳ್ಳೆಯ ಸೈಕಲ್ ಸಂಪಾದಿಸಿದ್ದ ಎಂದು. ಅವನ ಮುಂದೆ ನನ್ನದೇನು ಮಹಾ? ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಸುಳ್ಳು ಹೇಳಿದ್ದು ಮನುಷ್ಯನಿಗಲ್ಲ, ಯಂತ್ರಕ್ಕೆ.

ಪಾಳಿ ಅಟ್ಠಕಥೆಗಳಲ್ಲಿ ಮುಸಾವಾದಕ್ಕೆ ನಾಲ್ಕು ಅಂಗ ಹೇಳಿದ್ದಾರೆ. ಮಾತು ನಿಜವಲ್ಲದ್ದಾಗಿರಬೇಕು, ವಂಚಿಸುವ ಮನಸ್ಸಿರಬೇಕು, ಅದಕ್ಕೆ ತಕ್ಕ ಪ್ರಯತ್ನವಿರಬೇಕು, ಎದುರಿನವರಿಗೆ ಅದು ಅರ್ಥವಾಗಬೇಕು. ನಾಲ್ಕನೆಯದನ್ನು ಹಿಡಿದುಕೊಂಡು ನಾನು ಪಾರಾಗಲು ನೋಡಿದೆ. ಯಂತ್ರಕ್ಕೆ ಏನು ಅರ್ಥವಾಗುತ್ತದೆ, ಅದಕ್ಕೆ ಚಿತ್ತವೆಲ್ಲಿದೆ ಎಂದು. ನೋಡಿ, ಧಮ್ಮ ಓದಿದವನು ಕಳ್ಳನಾದರೆ ಓದನ್ನೇ ಕನ್ನಗತ್ತರಿ ಮಾಡಿಕೊಳ್ಳುತ್ತಾನೆ. ಯಂತ್ರ ಬರೀ ಅಂಚೆಯವನು. ನಾನು ಬರೆದ 65 ಅನ್ನು ಅದು ನನ್ನ ಹೆಸರಿನಲ್ಲಿ ಆ ಹುಡುಗನಿಗೆ ತಲುಪಿಸುತ್ತಿತ್ತು, ಅವನಿಗೆ ಅದು ಅರ್ಥವಾಗುತ್ತಿತ್ತು. ಕಬಡ್ಡಿಯ ಮಾತೂ ನಿಲ್ಲುವುದಿಲ್ಲ. ಅಲ್ಲಿ ಕಣ್ಣು ತಪ್ಪಿಸುವುದು ಆಟವೆಂದು ಎರಡೂ ಕಡೆಯವರಿಗೆ ಗೊತ್ತು. ತೂಕ ಹಾಗಲ್ಲ.

ಅಂಬಲಟ್ಠಿಕದಲ್ಲಿ ಭಗವಾನರು ರಾಹುಲನಿಗೆ ಹೇಳಿದ್ದು ನಿಮಗೆಲ್ಲ ತಿಳಿದಿದೆ. ಪಾತ್ರೆಯಲ್ಲಿ ಉಳಿದ ಒಂದು ಗುಟುಕು ನೀರು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆ ಮಗುಚಿ, ತಮಾಷೆಗೂ ಸುಳ್ಳಾಡುವುದಿಲ್ಲ ಎಂದು ಕಲಿಯಬೇಕು ಎಂದರು. ರಾಹುಲನಿಗೆ ಹೇಳಿದ ಈ ಸುಳ್ಳಿನ ಉಪದೇಶವನ್ನು ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಅಶೋಕ ಸಾಮ್ರಾಟ ಬೈರಾಟದ ಕಲ್ಲಿನಲ್ಲಿ ಕೆತ್ತಿಸಿದ. ರಾಜ್ಯಭಾರದ ನಡುವೆ ಈ ಚಿಕ್ಕ ವಿಷಯಕ್ಕೆ ಕಲ್ಲು ಯಾಕೆ ಬೇಕಿತ್ತು ಎಂದು ಮೊದಲೆಲ್ಲ ನನಗೆ ಅನ್ನಿಸುತ್ತಿತ್ತು.

ಮೂರು ತಿಂಗಳ ಮೇಲೆ ಅಕ್ಕ ಫೋನಿನಲ್ಲಿ ಹೇಳಿದಳು. ಮಗ ಆಫೀಸಿನ ಸೈಕಲ್ ತಂಡದಿಂದ ಹೆಸರು ತೆಗೆಸಿದ್ದಾನೆ. ಅವರೆಲ್ಲ ಸೇರಿ ನಂದಿ ಬೆಟ್ಟ ಹತ್ತುವುದಿತ್ತು. ಆ ತಂಡದಲ್ಲಿ ನಮ್ಮ ಕಡೆಯವನು ಅವನೊಬ್ಬನೇ. ಉಳಿದವರ ಒಂದೊಂದು ಸೈಕಲ್ಲಿನ ಬೆಲೆಗೆ ನಮ್ಮಲ್ಲಿ ಒಂದು ಮದುವೆ ಆಗುತ್ತದೆ. "ಮಾಮನ ಕೈಲೇ ಸೋಲ್ತೀನಿ, ಅವರ ಮುಂದೆ ಹೋಗಿ ಮರ್ಯಾದೆ ಯಾಕೆ ಕಳ್ಕೊಳ್ಳಿ" ಎಂದನಂತೆ.

ಹುಣ್ಣಿಮೆ ವಂದನೆಗೆ ಚಾಂಪಿಯನ್ ರೀಫ್‌ನ ಅಕ್ಕನ ಮನೆಗೆ ಹೋದಾಗ ಅವನೂ ಬಂದಿದ್ದ. ವಂದನೆ ಮುಗಿದು ಎಲ್ಲರೂ ಊಟಕ್ಕೆ ಎದ್ದ ಮೇಲೆ ಹೊರಗೆ ಕರೆದೆ.

"ನನ್ನ ತೂಕ ಅರವತ್ತೈದಲ್ಲ ಕಣೋ."

"ಮತ್ತೆ?"

"ಎಪ್ಪತ್ತೊಂಬತ್ತು."

ಅವನು ಮನಸ್ಸಿನಲ್ಲೇ ಭಾಗಿಸಿ ನೋಡಿದ. "ಹಂಗಾದ್ರೆ ಆ ಗುಡ್ಡ..."

"ಎಲ್ಲ ಸಲವೂ ನೀನೇ ಮುಂದಿದ್ದೆ."

ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ನನಗೆ ಏನೋ ಕಾಯಿಲೆ ಇರ್ಬೇಕು ಅಂತ ರಕ್ತ ಪರೀಕ್ಷೆ ಮಾಡಿಸ್ಕೊಂಡೆ ಮಾಮ" ಎಂದ. ಅಷ್ಟು ಹೇಳಿ ಸುಮ್ಮನಾದ. ತಪ್ಪಾಯ್ತು ಎಂದೆ. ವಯಸ್ಸಿನಲ್ಲಿ ಚಿಕ್ಕವನಿಗೆ ಆ ಮಾತು ಹೇಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ, ಬಾಯಿ ಒಣಗುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ. "ಮಾಮ, ರೂಮಿನ ಓನರ್ ‘ನೀವು ಯಾವ ಜನ’ ಅಂತ ಕೇಳ್ದಾಗ ನಾನು ಬೇರೆ ಹೇಳಿದ್ದೀನಿ. ಅದೂ ಇದೂ ಒಂದೇನಾ?"

ಅಲ್ಲಿ ಉತ್ತರ ಕೊಡಲಾಗಲಿಲ್ಲ. ಆ ರಾತ್ರಿ ಬಾಬಾಸಾಹೇಬರ ಆತ್ಮಕಥನದ ಬರಹದಲ್ಲಿ ಬರೋಡದ ಭಾಗ ಮತ್ತೆ ಓದಿದೆ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ಉಳಿಯಲು ಜಾಗ ಸಿಗದೆ, ಪಾರ್ಸಿ ಛತ್ರವೊಂದರ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇದ್ದರು. ಹನ್ನೊಂದನೇ ದಿನ ಕೋಲು ಹಿಡಿದವರ ಗುಂಪು ಮೆಟ್ಟಿಲು ಹತ್ತಿ ಬಂತು. ಛತ್ರ ಬಿಡಬೇಕಾಯಿತು.

ಅದು ಸುಳ್ಳೇ ಅಲ್ಲ ಎಂದು ವಾದಿಸುವವರು ನಮ್ಮಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಾಲ್ಕು ಅಂಗಗಳೂ ಅಲ್ಲಿವೆ. ಬಾಬಾಸಾಹೇಬರೂ ಅದನ್ನು ಮುಚ್ಚಿಡಲಿಲ್ಲ, ತಾವೇ ಬರೆದು ನಮ್ಮ ಕೈಗೆ ಕೊಟ್ಟರು. ಆದರೆ ಆ ಪುಸ್ತಕದ ಪ್ರಶ್ನೆ ಇದ್ದದ್ದು ಬಾಗಿಲು ಹಾಕುವುದಕ್ಕಾಗಿ. ಅಂಥ ಪ್ರಶ್ನೆ ಕೇಳುವವನಿಗೆ ಉತ್ತರದ ಮೇಲೆ ಯಾವ ಹಕ್ಕಿದೆ? ಉಳಿಯಲು ಬೇಕಾದದ್ದು ಛಾವಣಿ, ಕೊಟ್ಟದ್ದು ಸರಿಯಾದ ಬಾಡಿಗೆ, ಯಾರಿಂದಲೂ ಏನೂ ಕಿತ್ತುಕೊಂಡಿಲ್ಲ. ನನ್ನ ಫೋನಿನ ಪ್ರಶ್ನೆಯಲ್ಲಿ ಮೋಸವಿರಲಿಲ್ಲ, ಆ ಹುಡುಗನಿಗೆ ನಿಜದ ಮೇಲೆ ಪೂರ್ತಿ ಹಕ್ಕಿತ್ತು. ನಾನು ಅವನ ಕಾಲಿನ ಬಲವನ್ನೇ ಅವನಿಂದ ಕದ್ದೆ. ಅವನ ಸುಳ್ಳಿಗೆ ಜವಾಬು ಕೊಡಬೇಕಾದವರು ಕೇಳಿದವರು. ನನ್ನದಕ್ಕೆ ನಾನೊಬ್ಬನೇ.

ಇಷ್ಟನ್ನು ಅವನಿಗೆ ಹೇಳಿದ್ದೇನೆ. ಹೇಳಿದ ಮೇಲೂ ನನಗೆ ಸಮಾಧಾನವಿಲ್ಲ. ಯಾಕೆಂದರೆ ತಪ್ಪು ಅವನದಲ್ಲದಿದ್ದರೂ ಭಾರ ಹೊರುವವನು ಅವನೇ. ರೂಮಿನಲ್ಲಿ ಬಾಬಾಸಾಹೇಬರ ಫೋಟೋ ಹಾಕಿಲ್ಲ. ನಾನು ಫೋನಿನಲ್ಲಿ ಜೈ ಭೀಮ್ ಎಂದರೆ ಅವನು ತಗ್ಗಿದ ದನಿಯಲ್ಲಿ "ಹೂಂ ಮಾಮ" ಎನ್ನುತ್ತಾನೆ. ನೂರು ವರ್ಷಕ್ಕೂ ಹಿಂದೆ ಪಂಡಿತ ಅಯೋತಿದಾಸರು ಜನಗಣತಿಯಲ್ಲಿ ಬೌದ್ಧರೆಂದೇ ಬರೆಸಿ ಎಂದು ನಮ್ಮ ಜನರಿಗೆ ಹೇಳಿದರು. ಮಾರಿಕುಪ್ಪಂನಲ್ಲಿ ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಇತ್ತು, ಅಕ್ಕಪಕ್ಕದಲ್ಲಿ ಅದೇ ಹೆಸರು ಹೇಳುವ ಜನರಿದ್ದರು. ಬಾಡಿಗೆ ರೂಮಿನಲ್ಲಿ ಒಬ್ಬನೇ ಇರುವ ಹುಡುಗನಿಗೆ ನಿಜ ಹೇಳಿ ಬೀದಿಗೆ ಬೀಳು ಎನ್ನಲು ನನಗೇನು ಅಧಿಕಾರ, ಸ್ವಂತ ಮನೆಯಲ್ಲಿ ಕೂತು?

ಆ್ಯಪ್‌ನಲ್ಲಿ ಈಗ 79 ಇದೆ. ಪ್ರತಿ ಭಾನುವಾರ ತೂಕ ನೋಡಿ ಬರೆಯುತ್ತೇನೆ. ಮೊನ್ನೆ ರಾತ್ರಿ ಇಬ್ಬರೂ ಮತ್ತೆ ಅದೇ ಗುಡ್ಡಕ್ಕೆ ಹೋದೆವು. ಪೆಡಲಿನಲ್ಲಿ ಅದೇ ಬಲ, ಪರದೆಯಲ್ಲಿ ಮಾತ್ರ ಅವನ ಬೆನ್ನು ಚಿಕ್ಕದಾಗುತ್ತಾ ಹೋಯಿತು. ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು. 1902ರಲ್ಲಿ ಶಿವನಸಮುದ್ರದ ಕರೆಂಟ್ ಬೆಂಗಳೂರಿಗಿಂತ ಮೊದಲು ಬಂದದ್ದು ನಮ್ಮ ಗಣಿಗೆ ಎಂದು ಹೆಮ್ಮೆ ಪಡುತ್ತೇವೆ, ಈಗ ನಮ್ಮ ಬೀದಿಯ ಸ್ಥಿತಿ ಇದು. ಅಯಸ್ಕಾಂತ ಬಿಟ್ಟುಕೊಂಡು ಕಾಲು ಗಾಳಿಯಲ್ಲಿ ತಿರುಗಿದಂತಾಯಿತು. ಕತ್ತಲಲ್ಲಿ ಫೋನ್ ಬಂತು. "ಮಾಮ, ಎಲ್ಲಿ ಹೋದ್ರಿ? ನಾನು ಮೇಲೆ ಕಾಯ್ತಾ ಇದ್ದೀನಿ."

ಕೊನೆಗೆ ಒಂದು ವಿನಂತಿ. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆ ನಮ್ಮ ಬಂಧುಗಳಲ್ಲಿ ಯಾರಿಗಾದರೂ ಬಾಡಿಗೆಗೆ ಕೊಡುವ ರೂಮ್ ಇದ್ದರೆ ನನಗೆ ತಿಳಿಸಿ. ಹುಡುಗ ಒಬ್ಬನೇ, ಸಿಗರೇಟು, ಕುಡಿತ ಇಲ್ಲ. ಒಂದು ಸೈಕಲ್, ಒಂದು ಟ್ರೈನರ್ ಇಡಲು ಜಾಗ ಬೇಕು. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡಬೇಕು.

ಜೈ ಭೀಮ್.